ನಿದ್ದೆಯ ವಿಳಾಸ ಕೇಳುವ ಸುಮ್ಮನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಸ್ಕ್ಯಾನ್ ಕೋಣೆಯಲ್ಲಿ ಬಸ್ ಡ್ರೈವರೊಬ್ಬರು ಕಿರಿದಾದ ಹಾಸಿಗೆಯ ಮೇಲೆ ಮಲಗಿದ್ದಾರೆ. ಡಿಪೋದಲ್ಲಿ ತಲೆ ಸುತ್ತಿ ಬಿದ್ದವರು. ಬೂದು ಸೀರೆಯ ಮೇಲೆ ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಅವರ ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ನೆಟ್ಟಗೆ ಮಾಡುತ್ತಾರೆ, ಹಣೆಗೆ ಪಟ್ಟಿ ಕಟ್ಟುತ್ತಾರೆ, ಆಮೇಲೆ ಕಿವಿಯ ಹತ್ತಿರ ಬಗ್ಗಿ ಸಂತೆಯಲ್ಲಿ ಸಿಕ್ಕ ನೆಂಟರನ್ನು ವಿಚಾರಿಸುವ ಹಾಗೆ ಕೇಳುತ್ತಾರೆ: “ಅಣ್ಣಾ, ನಿಮಗೆ ಎಲ್ಲಿ ಮಲಗಿದ್ರೆ ಚೆನ್ನಾಗಿ ನಿದ್ದೆ ಬರುತ್ತೆ?”

ಡ್ರೈವರು ಕಣ್ಣು ಬಿಡುತ್ತಾರೆ. “ಬಸ್ಸಿನ ಹಿಂದಿನ ಸೀಟಲ್ಲಿ. ಬೇರೆಯವರು ಓಡಿಸ್ತಿದ್ರೆ ಮಾತ್ರ.”

ಹೆಂಗಸು ನಗುತ್ತಾ ಗಾಜಿನ ಗೋಡೆಯ ಈಚೆಗೆ ಬಂದು ಮೈಕಿನ ಗುಂಡಿ ಒತ್ತುತ್ತಾರೆ. “ಬಸ್ಸು ಹೊರಟಿದೆ ಅಣ್ಣಾ. ನಿಮ್ಮದು ಹಿಂದಿನ ಸೀಟು. ಓಡಿಸ್ತಿರೋರು ಒಳ್ಳೇ ಮನುಷ್ಯ, ಸುಮ್ಮಸುಮ್ಮನೆ ಬ್ರೇಕ್ ಹಾಕಲ್ಲ. ಕಿಟಕಿ ಪಕ್ಕ ತಲೆ ಇಟ್ಟಿದೀರಿ. ಇಳಿಯೋ ಜಾಗ ಇನ್ನೂ ದೂರ ಇದೆ. ಬಂದಾಗ ನಾನೇ ಎಬ್ಬಿಸ್ತೀನಿ, ಸುಮ್ಮನಿರಿ.” ದೊಡ್ಡ ಬಿಳಿ ಬಳೆಯಂತಹ ಯಂತ್ರ ಗುಂಯ್‌ಗುಟ್ಟುತ್ತದೆ. ಮೂಲೆಯ ಕುರ್ಚಿಯಲ್ಲಿ ಪತ್ರಿಕೆಗೆಂದು ಟಿಪ್ಪಣಿ ಬರೆದುಕೊಳ್ಳಲು ಕುಳಿತ ನನಗೇ ರೆಪ್ಪೆ ಭಾರವಾಗುತ್ತದೆ. ಆ ದನಿ ಹಾಗಿದೆ. ಕಣ್ಣು ತೆರೆಯುವಷ್ಟರಲ್ಲಿ ಸ್ಕ್ಯಾನ್ ಮುಗಿದಿದೆ, ಪರದೆಯ ಮೇಲೆ ಡ್ರೈವರ ತಲೆಯೊಳಗಿನ ಚಿತ್ರ ಕನ್ನಡಿಯಷ್ಟು ಸ್ಪಷ್ಟವಾಗಿ ಮೂಡಿದೆ.

ಇಡೀ ಆಸ್ಪತ್ರೆ ಇವರನ್ನು ಕರೆಯುವುದು ಸುಮ್ಮನಕ್ಕ ಎಂದು. ಯಾವಾಗಲೂ “ಸುಮ್ಮನಿರಿ, ಸುಮ್ಮನಿರಿ” ಎನ್ನುವುದೇ ಇವರ ಕೆಲಸವಾದ್ದರಿಂದ ಹೆಸರು ಹಾಗೆ ಅಂಟಿಕೊಂಡಿದೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಅದನ್ನು ಕೂಗಿ ಕರೆದರೆ ತಾವೇ ತಿರುಗಿ ನೋಡುವುದಿಲ್ಲವಂತೆ.

ಈ ಕೋಣೆಯಲ್ಲಿ ಇನ್ನೊಬ್ಬ ಕೆಲಸಗಾರನಿದ್ದಾನೆ. ಕೈಕಾಲಿಲ್ಲ, ಚಹಾ ಕುಡಿಯುವುದಿಲ್ಲ, ರಜೆ ಕೇಳುವುದಿಲ್ಲ. ಅದೊಂದು ಸಾಫ್ಟ್‌ವೇರ್. ಯಂತ್ರ ತೆಗೆದ ಚಿತ್ರವನ್ನು ವೈದ್ಯರಿಗಿಂತ ಮೊದಲು ತಾನು ನೋಡುತ್ತದೆ. ತಲೆಯೊಳಗೆ ರಕ್ತ ಸೋರಿದಂತೆ ಕಂಡರೆ ಆ ರೋಗಿಯ ಹೆಸರಿಗೆ ಕೆಂಪು ಬಣ್ಣ ಹಚ್ಚಿ ಸಾಲಿನ ಮೊದಲಿಗೆ ತಂದು ನಿಲ್ಲಿಸುತ್ತದೆ. ಅವಸರವಿಲ್ಲದ ಹೆಸರುಗಳನ್ನು ಬಂದ ಕ್ರಮದಲ್ಲೇ ಬಿಳಿಯಾಗಿ ಬಿಡುತ್ತದೆ. ಕಾಯಿಲೆ ಏನೆಂದು ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ, ಯಾರನ್ನು ಮೊದಲು ನೋಡಬೇಕು ಎಂದು ಬೆರಳು ತೋರಿಸುವುದಷ್ಟೇ. ಮೂರು ಆಸ್ಪತ್ರೆಗಳ ಚಿತ್ರಗಳು ಒಂದೇ ಸಾಲಿಗೆ ಬಂದು ಬೀಳುತ್ತವೆ. ಬೆಳಗಿನ ಜಾವ ಅವನ್ನೆಲ್ಲ ಓದುವವರು ಊರಿನ ಇನ್ನೊಂದು ತುದಿಯ ಮಬ್ಬುಗತ್ತಲ ಕೋಣೆಯಲ್ಲಿ ಕೂತ ಒಬ್ಬರೇ ವೈದ್ಯೆ. ಅವರು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ತೆರೆಯುತ್ತಾರೆ. ಆದ್ದರಿಂದ ಸಾಲಿನಲ್ಲಿ ಎಲ್ಲಿ ನಿಂತಿದ್ದೀರಿ ಎಂಬುದು ಒಮ್ಮೊಮ್ಮೆ ಸಾವು ಬದುಕಿನ ಪ್ರಶ್ನೆ.

ಸಾಫ್ಟ್‌ವೇರಿಗೆ ಕಂಪನಿಯವರು ಇಟ್ಟ ಉದ್ದನೆಯ ಹೆಸರಿದೆ. ಸುಮ್ಮನಕ್ಕ ಅದನ್ನು ತಮ್ಮ ಎಂದು ಕರೆಯುತ್ತಾರೆ. “ಬಹಳ ಚುರುಕು ನಮ್ಮ ತಮ್ಮ. ನಾವು ಕಣ್ಣು ಮಿಟುಕಿಸೋದ್ರೊಳಗೆ ನೋಡಿ ಮುಗಿಸಿರ್ತಾನೆ. ಆದ್ರೆ ಒಂದೇ ಕೆಟ್ಟ ಚಾಳಿ. ಚಿತ್ರ ಅಲ್ಲಾಡಿದ್ರೆ ಮುಖ ಊದಿಸ್ಕೊಂಡು ಕೂತ್ಬಿಡ್ತಾನೆ.”

ಮುಖ ಊದಿಸಿಕೊಳ್ಳುವುದೆಂದರೆ ಬೂದು ಬಣ್ಣ. ರೋಗಿ ತಲೆ ಅಲುಗಿಸಿ ಚಿತ್ರ ಕಲಸಿಹೋದರೆ ಸಾಫ್ಟ್‌ವೇರ್ ಆ ಹೆಸರಿಗೆ ಬೂದು ಹಚ್ಚುತ್ತದೆ. ಓದಲಾಗಲಿಲ್ಲ ಎಂದು ಅರ್ಥ. ಹೆಸರು ಬಂದ ಕ್ರಮದಲ್ಲೇ ಹಿಂದೆ ನಿಂತಿರುತ್ತದೆ, ಕೆಂಪಿನವರು ಒಬ್ಬೊಬ್ಬರಾಗಿ ಅದನ್ನು ದಾಟಿ ಮುಂದೆ ಹೋಗುತ್ತಿರುತ್ತಾರೆ. ಈ ವ್ಯವಸ್ಥೆ ಬಂದ ಹೊಸತರಲ್ಲಿ ಬೂದು ಎಂದರೆ ಏನೂ ಇಲ್ಲ ಎಂದುಕೊಂಡು ಒಬ್ಬ ಮುದುಕಿಯನ್ನು ವಾರ್ಡಿಗೆ ಕಳಿಸಿದ್ದರಂತೆ. ಏನಾಗಿದೆ ಎಂದು ಗೊತ್ತಾಗುವಷ್ಟರಲ್ಲಿ ಆಕೆಯ ಬಲಗೈ ಸ್ವಾಧೀನ ತಪ್ಪಿತ್ತು. ಅಂದಿನಿಂದ ಈ ಕೋಣೆಯಲ್ಲಿ ಬೂದು ಎಂದರೆ ಎಲ್ಲರ ಎದೆ ಧಸಕ್ಕೆನ್ನುತ್ತದೆ.

“ಏನೂ ಇಲ್ಲ ಅನ್ನೋದು ಬೇರೆ, ಏನೂ ಕಾಣಲಿಲ್ಲ ಅನ್ನೋದು ಬೇರೆ,” ಎನ್ನುತ್ತಾರೆ ಯಂತ್ರ ನಡೆಸುವ ಟೆಕ್ನೀಷಿಯನ್. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. “ನಾನು ಯಂತ್ರ ನೋಡ್ಕೋತೀನಿ. ಮನುಷ್ಯರನ್ನ ಅಕ್ಕ ನೋಡ್ಕೋತಾರೆ. ಅವರು ಬರದ ದಿನ ನಮಗೆ ಬೂದು ಜಾಸ್ತಿ.”

ಸುಮ್ಮನಕ್ಕ ಓದಿದ್ದು ಕಡಿಮೆ. ಆಸ್ಪತ್ರೆಗೆ ಬಂದದ್ದು ಹಾಸಿಗೆಯ ಬಟ್ಟೆ ಬದಲಿಸುವ, ರೋಗಿಗಳನ್ನು ಎತ್ತಿ ಮಲಗಿಸುವ ಸಹಾಯಕಿಯಾಗಿ. ಈಗಲೂ ಸಂಬಳದ ಚೀಟಿಯಲ್ಲಿ ಅಷ್ಟೇ ಇದೆ. ಆದರೆ ಮನುಷ್ಯರನ್ನು ಅಲುಗಾಡದಂತೆ ಕೂರಿಸುವ ವಿದ್ಯೆ ಅವರಿಗೆ ಅದಕ್ಕೂ ಮೊದಲೇ ಒಲಿದಿತ್ತು. ಗಂಡನದು ಫೋಟೋ ಸ್ಟುಡಿಯೋ. ಗಂಡ ಕ್ಯಾಮೆರಾ ಹಿಂದೆ, ಇವರು ಪಕ್ಕದಲ್ಲಿ. ಅಳುವ ಕೂಸು, ನಾಚುವ ಮದುಮಗಳು, ಫೋಟೋ ಎಂದರೆ ಸೆಟೆದುಕೊಳ್ಳುವ ಮಾವಂದಿರು, ಎಲ್ಲರನ್ನೂ ಪುಸಲಾಯಿಸಿ ಕೂರಿಸುತ್ತಿದ್ದವರು ಇವರೇ. ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋಗೆ ಬೀಗ ಬಿತ್ತು. ಹೊಟ್ಟೆಪಾಡಿಗೆ ಆಸ್ಪತ್ರೆ ಸಿಕ್ಕಿತು.

“ಅಲ್ಲಿ ನಗಿ ನಗಿ ಅಂತಿದ್ದೆ, ಇಲ್ಲಿ ನಗಬೇಡಿ ಅಂತೀನಿ. ಅಷ್ಟೇ ವ್ಯತ್ಯಾಸ,” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಗಂಡ ಈಗ ಜೆರಾಕ್ಸ್ ಅಂಗಡಿಯ ಒಂದು ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತಾರೆ. ಹೆಂಡತಿಯ ಒಂದು ಒಳ್ಳೆಯ ಚಿತ್ರ ಕೊಡಿ ಎಂದು ನಾನು ಕೇಳಿದರೆ ಹಳೆಯ ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ ಸುರಿಯುತ್ತಾರೆ. ಒಂದರಲ್ಲೂ ಮುಖ ನೆಟ್ಟಗಿಲ್ಲ. ಎಲ್ಲದರಲ್ಲೂ ಮಂಜು ಮುಸುಕಿದಂತಹ ಒಂದು ನಗು. “ಊರಿನವರನ್ನೆಲ್ಲ ಸುಮ್ಮನೆ ಕೂರಿಸಿದಾಳೆ, ತಾನು ಒಂದು ನಿಮಿಷ ಸುಮ್ಮನೆ ಕೂತಿಲ್ಲ ನೋಡಿ ಸ್ವಾಮಿ,” ಎಂದು ಅವರು ದೂರು ಹೇಳುವ ರೀತಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು.

ಕೆಲಸ ಸಲೀಸಲ್ಲ. ದಿನಕ್ಕೆ ನಲವತ್ತು ಐವತ್ತು ತಲೆಗಳು. ರಸ್ತೆಯಲ್ಲಿ ಬಿದ್ದವರು, ಮೆಟ್ಟಿಲು ಜಾರಿದವರು, ಇದ್ದಕ್ಕಿದ್ದಂತೆ ಮಾತು ತೊದಲಿದವರು. ಕುಡಿದು ಬಂದವರು ಬೈಯುತ್ತಾರೆ, ಕೈ ಮಾಡಿದವರೂ ಇದ್ದಾರೆ. ನಿಂತೂ ನಿಂತೂ ಕಾಲಿನ ನರಗಳು ಗಂಟುಗಟ್ಟಿವೆ. ಮಕ್ಕಳ ಜೊತೆ ಒಳಗೆ ನಿಲ್ಲಬೇಕಾದಾಗ ಎಕ್ಸ್‌ರೇ ತಾಗದಂತೆ ತೊಡುವ ಸೀಸದ ಅಂಗಿಯ ಭಾರಕ್ಕೆ ಭುಜ ಜೋಲುತ್ತದೆ. ಕೆಲಸ ಕಾಯಂ ಅಲ್ಲ, ವರ್ಷವರ್ಷವೂ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾಯಬೇಕು. ಇದನ್ನೆಲ್ಲ ನಾನು ಕೆದಕಿ ಕೆದಕಿ ಕೇಳಿದ್ದಕ್ಕೆ ಹೇಳಿದರು. ಅವರಾಗಿಯೇ ಹೇಳುವುದು ನಿದ್ದೆಯ ಜಾಗಗಳ ಬಗ್ಗೆ.

ಎಷ್ಟು ಬಗೆಯ ಜಾಗಗಳು! ಅಜ್ಜಿಯ ಮಂಚದ ಕೆಳಗೆ ಎಂದವನೊಬ್ಬ ದೊಡ್ಡ ಅಧಿಕಾರಿ. ಹೊಲಿಗೆ ಯಂತ್ರದ ಸದ್ದು ಕೇಳುವ ಕೋಣೆ ಎಂದವಳು ದರ್ಜಿಯ ಮಗಳು. ಹೊಳೆಯ ನಡುವೆ ಕಟ್ಟಿಹಾಕಿದ ದೋಣಿ, ಗ್ರಂಥಾಲಯದ ಕೊನೆಯ ಬೆಂಚು, ಆಗ ತಾನೇ ಒಗೆದು ಒಣಗಿದ ಬಟ್ಟೆಯ ರಾಶಿ. ಗಂಡ ಗೊರಕೆ ಹೊಡೆಯದ ಯಾವ ಜಾಗವಾದರೂ ಸರಿ ಎಂದವರೂ ಇದ್ದಾರೆ. ಸುಮ್ಮನಕ್ಕ ಮೈಕಿನಲ್ಲಿ ಅವರವರನ್ನು ಅವರವರ ಜಾಗಕ್ಕೆ ಕರೆದುಕೊಂಡು ಹೋಗಿ ಮಲಗಿಸಿ ಬರುತ್ತಾರೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ನಡೆಯುವಾಗ ಆ ಜಾಗಗಳು ಅವರ ಜೊತೆ ಬರುತ್ತವಂತೆ. ಬೀದಿಯ ಅಂಗಡಿಗಳು ಬಾಗಿಲು ತೆರೆಯುತ್ತಿರುತ್ತವೆ, ಯಾರೋ ನೀರು ಚಿಮುಕಿಸುತ್ತಿರುತ್ತಾರೆ, ಇವರ ಕಾಲಡಿಯಲ್ಲಿ ಮಾತ್ರ ದೋಣಿ ತೂಗುತ್ತಿರುತ್ತದೆ.

“ನಾನು ಮಲಗಿದ್ರೆ ಕನಸಲ್ಲಿ ಅವರ ಜಾಗಗಳಿಗೇ ಹೋಗ್ತೀನಿ. ಎಲ್ಲ ಕಡೆ ಹಾಸಿಗೆ ಹಾಸಿರುತ್ತೆ, ಯಾರೂ ಇರಲ್ಲ. ಎಲ್ಲಿ ಮಲಗಲಿ ಅಂತ ಹುಡುಕೋದ್ರೊಳಗೆ ಎಚ್ಚರ ಆಗಿಬಿಡುತ್ತೆ,” ಎನ್ನುತ್ತಾರೆ. ಹೇಳುವಾಗ ಅವರ ಕಣ್ಣು ನನ್ನ ಮೇಲಿರುವುದಿಲ್ಲ.

ನಾನು ಅಲ್ಲಿಗೆ ಹೋದ ಎರಡನೆಯ ಬೆಳಗು ಬೇಕರಿ ನಡೆಸುವವರೊಬ್ಬರನ್ನು ಕರೆತಂದರು. ಐವತ್ತು ದಾಟಿದ ಗಟ್ಟಿ ಆಳು. ರೆಪ್ಪೆಯ ಮೇಲೆಲ್ಲ ಮೈದಾಹಿಟ್ಟು. ಒದ್ದೆ ನೆಲದಲ್ಲಿ ಜಾರಿ, ಹಿಟ್ಟು ನಾದುವ ಯಂತ್ರದ ಅಂಚಿಗೆ ತಲೆ ಬಡಿದುಕೊಂಡಿದ್ದಾರೆ. ಹೊರಗೆ ಗಾಯ ಸಣ್ಣದು. ಆದರೆ ಮಾತು ಅಸಂಬದ್ಧ, ನಡುನಡುವೆ ಮಂಪರು, ಎಚ್ಚರವಾದಾಗಲೆಲ್ಲ ಎದ್ದು ಕೂರುವ ಹಟ. ಬ್ರೆಡ್ ಹಂಚುವ ವ್ಯಾನಿನಲ್ಲೇ ಗಂಡನನ್ನು ಹಾಕಿಕೊಂಡು ಬಂದ ಹೆಂಡತಿ, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

ನಿದ್ದೆಯ ಇಂಜೆಕ್ಷನ್ ಕೊಡಬಾರದೇ ಎಂದು ನಾನು ಮೂಗು ತೂರಿಸಿದೆ. ತುರ್ತು ವಿಭಾಗದ ವೈದ್ಯರು ತಾಳ್ಮೆಯಿಂದ ಹೇಳಿದರು: ಮಂಪರು ಪೆಟ್ಟಿನದೋ ಮದ್ದಿನದೋ ಆಮೇಲೆ ಗೊತ್ತಾಗುವುದಿಲ್ಲ. ಮೊದಲು ಹಾಗೇ ಪ್ರಯತ್ನಿಸೋಣ.

ಸುಮ್ಮನಕ್ಕ ತಲೆ ನೆಟ್ಟಗೆ ಮಾಡಿ ಪಟ್ಟಿ ಕಟ್ಟುತ್ತಾರೆ. ಬೇಕರಿಯವರ ಕಿವಿಯಲ್ಲಿ ತಮ್ಮ ಪ್ರಶ್ನೆ ಕೇಳುತ್ತಾರೆ. ಬೇಕರಿಯವರು ಮಂಪರಿನಲ್ಲಿ ಏನೋ ತೊದಲುತ್ತಾರೆ. ಸುಮ್ಮನಕ್ಕ ಹೆಂಡತಿಯ ಕಡೆ ತಿರುಗುತ್ತಾರೆ.

“ಬೇಕರಿಯಲ್ಲೇ ಅಕ್ಕ,” ಎನ್ನುತ್ತಾರೆ ಆಕೆ. “ಹಿಟ್ಟಿನ ಮೂಟೆ ಮೇಲೆ. ಮನೇಲಿ ಹಾಸಿಗೆ ಇದ್ರೂ ನಿದ್ದೆ ಬರೋದು ಅಲ್ಲೇ.”

ಅಷ್ಟು ಸಾಕು. ಗಾಜಿನ ಈಚೆಯಿಂದ ಸುಮ್ಮನಕ್ಕನ ದನಿ ಹರಿಯುತ್ತದೆ. “ಹಿಟ್ಟಿನ ಮೂಟೆ ಮೇಲೆ ಮಲಗಿದೀರಿ ಅಣ್ಣಾ. ಬೆನ್ನಿಗೆ ಮೆತ್ತಗಿದೆ. ಒಲೆ ಬೆಚ್ಚಗಿದೆ. ಬ್ರೆಡ್ಡಿನ ಘಮಘಮ ವಾಸನೆ ಬರ್ತಾ ಇದೆ…”

ಯಂತ್ರ ಸದ್ದು ಮಾಡಿದ್ದೇ ತಡ, ಬೇಕರಿಯವರು “ಸೀದು ಹೋಯ್ತು!” ಎಂದು ಕೂಗಿ ಪಟ್ಟಿ ಕಿತ್ತುಕೊಂಡು ಮೇಲೇಳಲು ನೋಡುತ್ತಾರೆ. ಟೆಕ್ನೀಷಿಯನ್ ಒಳಗೆ ಓಡುತ್ತಾರೆ. ಪರದೆಯ ಮೇಲೆ ಮೂಡಿದ್ದು ಚಿತ್ರವಲ್ಲ, ಕಲಸಿದ ಬಿಳಿ ಮಸುಕು. ಸಾಲಿನಲ್ಲಿ ಬೇಕರಿಯವರ ಹೆಸರಿಗೆ ಬೂದು ಹತ್ತುತ್ತದೆ. ಮುಂದೆ ಆರು ಹೆಸರುಗಳು.

ಟೆಕ್ನೀಷಿಯನ್ ಓದುವ ವೈದ್ಯೆಗೆ ಫೋನ್ ಮಾಡುತ್ತಾರೆ. ಫೋನಿನ ದನಿ ನನಗೂ ಕೇಳಿಸುತ್ತದೆ. ಅವರ ಮುಂದೆ ಬೇರೆ ಆಸ್ಪತ್ರೆಯ ಎರಡು ಕೆಂಪು ಹೆಸರುಗಳಿವೆ. ಆದರೂ ಬೂದು ಚಿತ್ರವನ್ನು ತೆರೆದು ನೋಡುತ್ತಾರೆ. “ಇದರಲ್ಲಿ ನನಗೂ ಏನೂ ಕಾಣ್ತಿಲ್ಲ. ಇನ್ನೊಂದು ಸಲ ತೆಗೀರಿ. ದಯವಿಟ್ಟು ಬೇಗ.”

ತಮ್ಮದೇ ಮಾತು ಹೀಗೆ ಕೈಕೊಟ್ಟದ್ದು ಸುಮ್ಮನಕ್ಕನಿಗೆ ಅರ್ಥವಾಗುತ್ತಿಲ್ಲ. ನನಗೂ ಆಗಲಿಲ್ಲ. ಬ್ರೆಡ್ಡಿನ ವಾಸನೆಗಿಂತ ಹಿತವಾದದ್ದು ಏನಿದೆ? ಅಷ್ಟರಲ್ಲಿ ಹೆಂಡತಿ ಅಳುತ್ತಳುತ್ತಲೇ ನಕ್ಕುಬಿಡುತ್ತಾರೆ.

“ವಾಸನೆ ಬಂದ್ಮೇಲೆ ಬೇಕರಿಯವರು ಯಾರಾದ್ರೂ ಮಲಗ್ತಾರಾ ಅಕ್ಕ? ವಾಸನೆ ಬಂತು ಅಂದ್ರೆ ಬೆಂದಿದೆ, ಏಳಬೇಕು ಅಂತ. ಇವರು ಮಲಗೋದು ಹಿಟ್ಟು ಉಬ್ಬೋಕೆ ಇಟ್ಟಾಗ. ಒದ್ದೆ ಬಟ್ಟೆ ಹೊದಿಸಿ ಇಟ್ಬಿಟ್ರೆ ಆಮೇಲೆ ಯಾರೂ ಏನೂ ಮಾಡೋಹಾಗಿಲ್ಲ. ಓಡಾಡಬಾರದು, ಬಾಗಿಲು ಬಡೀಬಾರದು, ಗಾಳಿ ಬಿಡಬಾರದು. ಉಬ್ಬಿದ್ದು ಇಳಿದು ಹೋಗುತ್ತೆ. ಆ ಹೊತ್ತಲ್ಲಿ ಮಾತ್ರ ಇವರು ಮಲಗೋದು.”

ಸುಮ್ಮನಕ್ಕ ಎದ್ದು ತಮ್ಮ ಕುರ್ಚಿಯನ್ನು ಆಕೆಯ ಕಡೆ ಸರಿಸುತ್ತಾರೆ. “ಬಾಮ್ಮ. ನೀನೇ ಹೇಳು.”

“ನಾನಾ? ನನಗೆ ಏನು ಹೇಳಬೇಕು ಅಂತ…”

“ಈಗ ನನಗೆ ಹೇಳಿದ್ಯಲ್ಲ, ಅದನ್ನೇ ಅವರಿಗೆ ಹೇಳು. ನಾನು ಒಳಗೆ ಹೋಗಿ ತಲೆ ಸರಿ ಮಾಡಿ ಬರ್ತೀನಿ.”

ಆ ಹೆಂಗಸು ಮೈಕಿನ ಮುಂದೆ ಕೂರುತ್ತಾರೆ. ಹಿಟ್ಟು ಮೆತ್ತಿದ ಬೆರಳು ಗುಂಡಿಯ ಮೇಲಿದೆ. ಗಾಜಿನಾಚೆ ಸುಮ್ಮನಕ್ಕ ಹೊಸ ಪಟ್ಟಿ ಕಟ್ಟುತ್ತಾರೆ, ರೆಪ್ಪೆಯ ಮೇಲಿನ ಹಿಟ್ಟನ್ನು ಬೆರಳಿನಿಂದ ಒರೆಸುತ್ತಾರೆ. ಎಲ್ಲರೂ ಹೊರಬಂದ ಮೇಲೆ ದಪ್ಪ ಬಾಗಿಲು ಮುಚ್ಚುತ್ತದೆ.

“ರೀ,” ಎನ್ನುತ್ತದೆ ಮೈಕು. ದನಿ ಗೊಗ್ಗರಾಗಿದೆ. “ರೀ, ನಾನು. ಹಿಟ್ಟು ಉಬ್ಬೋಕೆ ಇಟ್ಟಿದೀನಿ. ಬಟ್ಟೆ ಹೊದಿಸಿದೀನಿ. ಒಲೆ ಇನ್ನೂ ಹಚ್ಚಿಲ್ಲ.” ಒಂದು ಉಸಿರು ಎಳೆದುಕೊಳ್ಳುತ್ತಾರೆ. “ಬಾಗಿಲು ಹಾಕಿದೀನಿ. ಯಾರೂ ಬರಲ್ಲ. ಅಲ್ಲಾಡಬೇಡಿ, ಇಳಿದು ಹೋಗುತ್ತೆ. ಉಬ್ಬಿದ್ಮೇಲೆ ನಾನೇ ಕರೀತೀನಿ. ಅಲ್ಲೀವರೆಗೂ ಮಲಗಿ.”

ಒಳಗೆ ಬೇಕರಿಯವರ ಮುಷ್ಟಿ ಬಿಚ್ಚಿಕೊಳ್ಳುತ್ತದೆ. ಭುಜಗಳು ಇಳಿಯುತ್ತವೆ. ಯಂತ್ರ ಗುಂಯ್‌ಗುಡುತ್ತದೆ, ಹಾಸಿಗೆ ನಿಧಾನವಾಗಿ ಬಳೆಯೊಳಗೆ ಜಾರುತ್ತದೆ. ಈ ಬದಿಯಲ್ಲಿ ನಾವು ಯಾರೂ ಉಸಿರಾಡುತ್ತಿಲ್ಲ. ನಾವು ಉಸಿರು ಬಿಟ್ಟರೂ ಎಲ್ಲೋ ಒಂದು ಕೋಣೆಯಲ್ಲಿ ಬಟ್ಟೆಯಡಿ ಉಬ್ಬುತ್ತಿರುವ ಹಿಟ್ಟು ಇಳಿದುಹೋಗುತ್ತದೆ ಎಂಬ ಭಯ ನನಗಂತೂ ನಿಜವಾಗಿ ಹಿಡಿದಿತ್ತು. ಎಷ್ಟು ಹೊತ್ತು ಹಾಗಿದ್ದೆವೋ. ಯಂತ್ರ ನಿಲ್ಲುತ್ತದೆ.

ಚಿತ್ರ ಮೂಡುತ್ತದೆ. ಸ್ಪಷ್ಟವಾಗಿದೆ. ಬೇಕರಿಯವರ ಹೆಸರಿನ ಬೂದು ಅಳಿಸಿ ಕೆಂಪಾಗುತ್ತದೆ, ನೋಡನೋಡುತ್ತಿದ್ದಂತೆ ಆರು ಹೆಸರುಗಳನ್ನು ದಾಟಿ ಸಾಲಿನ ಮೊದಲಿಗೆ ಹೋಗಿ ನಿಲ್ಲುತ್ತದೆ. ತಕ್ಷಣವೇ ಫೋನು ಬಡಿದುಕೊಳ್ಳುತ್ತದೆ. “ಕಂಡಿತು. ತಲೆಬುರುಡೆಯ ಒಳಗೆ ರಕ್ತ ನಿಂತಿದೆ. ಆಪರೇಷನ್‌ನವರಿಗೆ ಹೇಳ್ತಿದೀನಿ, ನೀವು ಕರ್ಕೊಂಡು ಹೊರಡಿ.” ಟೆಕ್ನೀಷಿಯನ್ ಸ್ಟ್ರೆಚರ್ ತಳ್ಳಿಕೊಂಡು ಓಡುತ್ತಾರೆ.

ಪರದೆಯನ್ನೇ ನೋಡುತ್ತಿದ್ದ ಹೆಂಡತಿ ಸುಮ್ಮನಕ್ಕನ ಕೈ ಹಿಡಿದುಕೊಳ್ಳುತ್ತಾರೆ. “ಮೊದಲನೇ ನಂಬರ್ ಬಂತಲ್ಲ ಅಕ್ಕ. ಒಳ್ಳೇದೇ ಅಲ್ವಾ?”

ಈ ಸಾಲಿನಲ್ಲಿ ಮೊದಲು ನಿಲ್ಲುವುದು ಒಳ್ಳೆಯದೋ ಕೆಟ್ಟದ್ದೋ, ನಾನಾಗಿದ್ದರೆ ತಡವರಿಸುತ್ತಿದ್ದೆ. ಸುಮ್ಮನಕ್ಕ ತಡವರಿಸಲಿಲ್ಲ. “ಪೆಟ್ಟು ಜೋರಾಗೇ ಬಿದ್ದಿದೆ ಕಣಮ್ಮ, ಸುಳ್ಳು ಹೇಳಲ್ಲ. ಆದ್ರೆ ಈಗ ಎಲ್ಲರ ಕಣ್ಣೂ ಅವರ ಮೇಲಿದೆ. ಹೋಗು, ಜೊತೇಲಿರು.”

ಆಕೆ ಹೋದ ಮೇಲೆ ಸುಮ್ಮನಕ್ಕ ಮೊಗಸಾಲೆಗೆ ಬಂದು, ಕಾಯುತ್ತಿದ್ದವರಿಗೆ ಸರದಿ ತಡವಾಗುತ್ತದೆ ಎಂದು ತಿಳಿಸುತ್ತಾರೆ. ಮೊಣಕಾಲು ಉಳುಕಿಸಿಕೊಂಡ ಒಬ್ಬರು ರೇಗುತ್ತಾರೆ. ಸುಮ್ಮನಕ್ಕ ಎದುರು ಮಾತಾಡದೆ ಅವರ ಕಾಲಿನ ಕೆಳಗೆ ದಿಂಬು ಇಟ್ಟು ಬರುತ್ತಾರೆ. ಒಳಗೆ ಬಂದವರೇ ಮೈಕಿನ ಗುಂಡಿಯ ಮೇಲಿದ್ದ ಹಿಟ್ಟಿನ ಬೆರಳಚ್ಚನ್ನು ಒರೆಸಲು ಬಟ್ಟೆ ತೆಗೆದುಕೊಳ್ಳುತ್ತಾರೆ, ಒರೆಸದೆ ಹಾಗೇ ಬಿಡುತ್ತಾರೆ.

“ಇಷ್ಟು ವರ್ಷ ಜಾಗ ಯಾವುದು ಅಂತಷ್ಟೇ ಕೇಳ್ತಿದ್ದೆ,” ಎಂದರು ಸುಮ್ಮನಕ್ಕ. “ಯಾವ ಹೊತ್ತು ಅಂತ ಕೇಳಬೇಕು ಅನ್ನೋದು ಹೊಳೆದಿರಲಿಲ್ಲ.” ಮುಂದಿನ ರೋಗಿ ಬಂದರು, ಶಾಲೆಯ ಮೇಷ್ಟ್ರು. ಸುಮ್ಮನಕ್ಕ ಅವರ ತಲೆ ನೆಟ್ಟಗೆ ಮಾಡಿ ಎರಡೂ ಕೇಳಿದರು. ಮೇಷ್ಟ್ರು ಗಂಭೀರವಾಗಿ, “ತರಗತಿಯಲ್ಲಿ. ಮಕ್ಕಳು ಪರೀಕ್ಷೆ ಬರೆಯುವಾಗ,” ಎಂದರು. ಸುಮ್ಮನಕ್ಕ ಅವರಿಗೆ ಅಚ್ಚುಕಟ್ಟಾಗಿ ಪರೀಕ್ಷೆ ನಡೆಸಿಕೊಟ್ಟರು.

ಕೆಲವು ದಿನ ಕಳೆದು, ಬರೆದದ್ದನ್ನು ಒಮ್ಮೆ ಓದಿ ಹೇಳಲು ನಾನು ಮತ್ತೆ ನೆಲಮಾಳಿಗೆಗೆ ಇಳಿದಾಗ ಸುಮ್ಮನಕ್ಕ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಾರೆ. ನಿಮ್ಮ ಆಸೆ ಏನಾದರೂ ಇದೆಯೇ ಎಂಬ ನಮ್ಮ ಕಸುಬಿನ ಮಾಮೂಲಿ ಪ್ರಶ್ನೆಯನ್ನು ನಾನು ಕೇಳಿದ್ದೇನೆ. ಅವರು ದಿಂಬಿನ ಮೂಲೆ ಸರಿಪಡಿಸುತ್ತಾ ಯೋಚಿಸುತ್ತಿದ್ದಾರೆ. ಆಗ ಬಾಗಿಲಲ್ಲಿ ಬೇಕರಿಯ ಹೆಂಗಸು ಕಾಣಿಸಿಕೊಳ್ಳುತ್ತಾರೆ. ಇಂದು ಕೈಗೆ ಹಿಟ್ಟಿಲ್ಲ. ತಲೆ ಬಾಚಿ ಹೆಣೆದಿದ್ದಾರೆ. ಒಳಗೆ ಬರಬಹುದೇ ಎಂದು ಕೇಳುವುದನ್ನೂ ಮರೆತು ನೇರವಾಗಿ ಬಂದು ನಿಲ್ಲುತ್ತಾರೆ.

“ನಿನ್ನೆ ಸಂಜೆ ಸರಿಯಾಗಿ ಕಣ್ಣು ಬಿಟ್ರು ಅಕ್ಕ. ನನ್ನ ಗುರುತು ಹಿಡಿದ್ರು. ಬಾಯಿ ಬಿಟ್ಟು ಮೊದಲು ಏನು ಕೇಳಿದ್ರು ಗೊತ್ತಾ?” ಆಕೆಗೆ ನಗು ತಡೆಯಲಾಗುತ್ತಿಲ್ಲ, ಕಣ್ಣೀರೂ ತಡೆಯಲಾಗುತ್ತಿಲ್ಲ. “ಹಿಟ್ಟು ಉಬ್ಬಿತಾ ಅಂದ್ರು.”

“ನೀನೇನಂದೆ?”

“ಉಬ್ಬಿದೆ, ಇನ್ನು ಏಳಿ ಅಂದೆ.”

ಸುಮ್ಮನಕ್ಕ ದಿಂಬನ್ನು ಎದೆಗೆ ಒತ್ತಿಕೊಂಡು, ಈಗ ತಾನೇ ಬಟ್ಟೆ ಹಾಸಿದ ಹಾಸಿಗೆಯ ಅಂಚಿನಲ್ಲಿ ಕುಳಿತುಬಿಡುತ್ತಾರೆ. ಬಹಳ ಹೊತ್ತು ಅಲ್ಲಾಡದೆ ಕುಳಿತಿರುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, ನಾನು ಮತ್ತೇನೂ ಕೇಳದಿದ್ದರೂ ಹೇಳುತ್ತಾರೆ:

“ಎಷ್ಟು ಸಾವಿರ ಜನರನ್ನ ಇಲ್ಲಿ ಮಲಗಿಸಿದೀನೋ ಲೆಕ್ಕ ಇಲ್ಲ. ಎದ್ರು ಅಂತ ಯಾರೂ ಬಂದು ಹೇಳಿರಲಿಲ್ಲ.”